ಸವಾಯಿ ಗಂಧರ್ವ ರಾಮಭಾವೂ ಕುಂದಗೋಳಕರ

ನಾದವನ್ನೇ ದೈವವೆಂದು ನಂಬಿ ಬಾಳಿದ ಮಹನೀಯರು ಕನ್ನಡ ನಾಡಿನಲ್ಲಿ ಅನೇಕರು ಆಗಿಹೋಗಿದ್ದಾರೆ. ಅವರಲ್ಲಿ ಯಾರು ಹಿರಿಯರು, ಯಾರ ಭಾವಚಿತ್ರ ಸಭಾಮಂಟಪದ ಗೋಡೆಯ ಮೇಲೆ ಇರಬೇಕು, ಯಾರ ಹೆಸರಿನಲ್ಲಿ ಉತ್ಸವ ನಡೆಯಬೇಕು ಎಂಬ ಚರ್ಚೆ ಸಂಗೀತ ರಸಿಕರು ಕೂಡಿದಲ್ಲೆಲ್ಲ ಏಳುತ್ತದೆ. ಜಾತ್ರೆಯ ಕಾಲಕ್ಕೆ ಯಾವ ಗಾಯಕರನ್ನು ಕರೆಸೋಣ, ಯಾರಿಗೆ ಶಾಲು ಹೊದಿಸಿ ಸನ್ಮಾನಿಸೋಣ ಎಂದು ಊರ ಹಿರಿಯರು ಕುಳಿತು ಮಾತನಾಡುವಾಗಲೂ ಮುಂದೆ ಬರುವುದು ಇದೇ ಪ್ರಶ್ನೆ. ಒಬ್ಬರು ಬಿರುದನ್ನು ನೋಡುತ್ತಾರೆ, ಇನ್ನೊಬ್ಬರು ಪ್ರಶಸ್ತಿಗಳನ್ನು ಎಣಿಸುತ್ತಾರೆ, ಮತ್ತೊಬ್ಬರು ಕೂಡಿದ ಜನವನ್ನು ಲೆಕ್ಕ ಹಾಕುತ್ತಾರೆ. ಇವುಗಳಲ್ಲಿ ಯಾವ ಅಳತೆ ಸರಿ ಎಂಬುದನ್ನು ತಿಳಿಯಲು ಸವಾಯಿ ಗಂಧರ್ವರ ಜೀವನಚರಿತ್ರೆಗಿಂತ ಉತ್ತಮವಾದ ಪಾಠ ಸಿಗಲಾರದು.

ಮಾಕಣಿ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಜನರಿಗೆ ಈ ಚರಿತ್ರೆ ಇನ್ನೊಂದು ಕಾರಣಕ್ಕೂ ಹತ್ತಿರವಾದುದು. ಮನೆಯಲ್ಲಿ ಒಂದು ನುಡಿ, ಪೇಟೆಯಲ್ಲಿ ಇನ್ನೊಂದು ನುಡಿ ಆಡಿಕೊಂಡು ಎರಡನ್ನೂ ತನ್ನದೆಂದು ಬಾಳುವ ಸೀಮೆ ಇದು. ಸವಾಯಿ ಗಂಧರ್ವರು ಕನ್ನಡದ ಮಣ್ಣಿನಲ್ಲಿ ಹುಟ್ಟಿ, ಮರಾಠಿ ರಂಗಭೂಮಿಯ ಮೇಲೆ ಹೆಸರು ಗಳಿಸಿ, ಮುಸಲ್ಮಾನ ಉಸ್ತಾದರ ಪಾದದಲ್ಲಿ ಕುಳಿತು ವಿದ್ಯೆ ಪಡೆದವರು. ಗಡಿಯ ಎರಡೂ ಬದಿಯ ಜನ ಅವರನ್ನು ನಮ್ಮವರೆಂದು ಕರೆದರು. ಆ ಮಾತು ಎರಡು ಕಡೆಗೂ ಸತ್ಯವಾಗಿತ್ತು.

ಜನನ ಮತ್ತು ಬಾಲ್ಯ

ರಾಮಚಂದ್ರರು 1886ನೇ ಇಸವಿ ಜನವರಿ 19ರಂದು ಕುಂದಗೋಳದಲ್ಲಿ ಜನಿಸಿದರು. ಹುಬ್ಬಳ್ಳಿಗೆ ಸಮೀಪದ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮನೆತನದ ಹೆಸರು ಸಂಶಿ, ತಂದೆ ಗಣೇಶರಾಯರು. ಅವರು ಊರಿನ ಜಮೀನ್ದಾರರಾದ ನಾಡಗೀರ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಮನೆಯಲ್ಲಿ ಸಿರಿ ಇರಲಿಲ್ಲ. ಆದರೆ ನಾಡಗೀರರ ವಾಡೆಯಲ್ಲಿ ಸಂಗೀತಕ್ಕೆ ಆಶ್ರಯವಿತ್ತು. ಬಾಲಕ ರಾಮನಿಗೆ ಶಾಲೆಯ ಪಾಠಕ್ಕಿಂತ ಹಾಡಿನ ಮೇಲೆ ಪ್ರೀತಿ ಹೆಚ್ಚು. ಬಲವಂತರಾವ ಕೊಲ್ಹಟಕರ ಎಂಬವರಿಂದ ಮೊದಲ ಪಾಠವಾಯಿತು. ಮುಂದೆ ಆ ಗುರುಗಳು ತೀರಿಕೊಂಡರು. ಗುರುವಿಲ್ಲದ ಹುಡುಗನ ಹಂಬಲ ಮಾತ್ರ ಉಳಿಯಿತು.

ಗುರುವಿನ ಸನ್ನಿಧಿ

ಆ ಕಾಲಕ್ಕೆ ಉಸ್ತಾದ ಅಬ್ದುಲ್ ಕರೀಮ್ ಖಾನರು ಉತ್ತರದ ಕಿರಾಣಾ ಪರಂಪರೆಯ ಗಾಯನವನ್ನು ದಕ್ಷಿಣಕ್ಕೆ ತಂದಿದ್ದರು. ಮಿರಜಿನಲ್ಲಿ ನೆಲೆ ಮಾಡಿ, ಅಲ್ಲಿಯ ಮೀರಾಸಾಹೇಬರ ದರ್ಗಾದಲ್ಲಿ ಸ್ವರಸೇವೆ ಸಲ್ಲಿಸುತ್ತ, ಧಾರವಾಡ, ಹುಬ್ಬಳ್ಳಿ, ಮೈಸೂರುಗಳಿಗೆ ಬಂದು ಹೋಗುತ್ತಿದ್ದರು. ಅವರ ಗಾಯನದಲ್ಲಿ ಆತುರವೆಂಬುದು ಇರಲಿಲ್ಲ. ಒಂದೊಂದೇ ಸ್ವರವನ್ನು ಸಾವಕಾಶವಾಗಿ ಬೆಳೆಸುತ್ತ ರಾಗದ ರೂಪವನ್ನು ಕೇಳುವವರ ಕಣ್ಣಮುಂದೆ ತಂದು ನಿಲ್ಲಿಸುವ ಪದ್ಧತಿ ಅದು. ರಾಮಚಂದ್ರರು ಈ ಗಾಯನವನ್ನು ಕೇಳಿ ಅವರ ಶಿಷ್ಯತ್ವವನ್ನು ಬೇಡಿ ಪಡೆದರು.

ಅಂದಿನ ಗುರುಕುಲದ ಶಿಕ್ಷಣ ಇಂದಿನವರಿಗೆ ಊಹಿಸಲೂ ಕಷ್ಟ. ಗುರುಗಳ ಮನೆಗೆಲಸ, ಅವರ ಹಿಂದೆ ಊರೂರು ತಿರುಗಾಟ, ಬೆಳಗಿನ ಜಾವದ ಖರ್ಜದ ಸಾಧನೆ, ಒಂದೇ ಪಲಟವನ್ನು ನೂರಾರು ಸಲ ತಿರುವಿ ಹಾಡುವುದು, ಇವೆಲ್ಲ ದಿನನಿತ್ಯದ ವ್ರತ. ಇದರ ಮೇಲೆ ರಾಮಭಾವೂ ಅವರಿಗೆ ಇನ್ನೊಂದು ಕಷ್ಟವಿತ್ತು. ಕಂಠ ಹುಟ್ಟಿನಿಂದ ಬಂದ ಜೇನಿನಂತಿರಲಿಲ್ಲ. ಹರೆಯದಲ್ಲಿ ಒಡೆದ ಧ್ವನಿ ಸುಲಭವಾಗಿ ಹಿಡಿತಕ್ಕೆ ಬರಲಿಲ್ಲ. ಮುಂದೆ ಕೀರ್ತಿಯ ಶಿಖರದಲ್ಲಿದ್ದಾಗಲೂ ಬೈಠಕಿನ ಆರಂಭದಲ್ಲಿ ಅವರ ಧ್ವನಿ ಸ್ವಲ್ಪ ಒರಟಾಗಿಯೇ ಇರುತ್ತಿತ್ತು. ಒಮ್ಮೆ ಅದು ಕಾದು ಹದಕ್ಕೆ ಬಂದಿತೆಂದರೆ ಸಭೆಯಲ್ಲಿ ಕುಳಿತವರಿಗೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ದೇವರು ಕೊಟ್ಟ ಕಂಠದಿಂದ ಹಾಡಿದವರು ಹಲವರು. ದೇವರು ಕೊಡದೇ ಹೋದುದನ್ನು ದುಡಿದು ಸಂಪಾದಿಸಿದವರು ರಾಮಭಾವೂ.

ರಂಗಭೂಮಿಯ ಸೆಳೆತ

ಆ ದಿನಗಳಲ್ಲಿ ಮರಾಠಿ ಸಂಗೀತ ನಾಟಕಗಳಿಗೆ ಸುವರ್ಣಕಾಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1882ರಲ್ಲಿ ರಂಗಕ್ಕೆ ತಂದ ಸೌಭದ್ರ ನಾಟಕ ಮನೆಮಾತಾಗಿತ್ತು. ಸ್ತ್ರೀಯರು ರಂಗಕ್ಕೆ ಬರುವ ರೂಢಿ ಇರಲಿಲ್ಲವಾದ್ದರಿಂದ ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದರು. ಚೆನ್ನಾಗಿ ಹಾಡುವ ನಟನಿಗೆ ಕಂಪನಿಗಳಲ್ಲಿ ಬಹಳ ಬೆಲೆ. ರಾಮಭಾವೂ ಗುರುಗಳ ಮನಸ್ಸಿಗೆ ಒಪ್ಪಿಗೆಯಿಲ್ಲದಿದ್ದರೂ ನಾಟ್ಯಕಲಾ ಪ್ರವರ್ತಕ ಸಂಗೀತ ಮಂಡಳಿಯನ್ನು ಸೇರಿದರು. ಬಡತನದ ಮನೆಯ ತರುಣನಿಗೆ ಸಂಬಳವೂ ಬೇಕಾಗಿತ್ತು, ಜನರ ಮುಂದೆ ಹಾಡುವ ಆಸೆಯೂ ಇತ್ತು. ಪವಿತ್ರವಾದ ವಿದ್ಯೆಯನ್ನು ಬಣ್ಣದ ವೇಷಕ್ಕೆ ಮಾರಿಕೊಂಡರೆಂಬ ಆಕ್ಷೇಪ ಅವರ ಬೆನ್ನಿಗೆ ಅಂಟಿಕೊಂಡಿತು.

ಆದರೂ ರಂಗದ ಮೇಲೆ ಅವರು ಉಸ್ತಾದರ ಪಾಠವನ್ನು ಮರೆಯಲಿಲ್ಲ. ಸುಭದ್ರೆಯ ಪಾತ್ರದಲ್ಲಿ ಅವರು ಹಾಡಿದ ನಾಟಕದ ಪದಗಳಲ್ಲಿ ರಾಗದ ಶುದ್ಧತೆ ಕೆಡದೆ ಉಳಿಯಿತು. ಬೈಠಕಿಗೆ ಹೋಗಲಾರದ ಸಾಮಾನ್ಯ ಜನ, ರೈತರು, ಅಂಗಡಿಕಾರರು ಖ್ಯಾಲ ಗಾಯನದ ಸವಿಯನ್ನು ನಾಟಕದ ಪೆಂಡಾಲಿನಲ್ಲಿ ಕುಳಿತು ಉಂಡರು.

ಬಿರುದು ಬಂದ ಬಗೆ

ಆ ಕಾಲದ ಮರಾಠಿ ರಂಗದಲ್ಲಿ ನಾರಾಯಣರಾವ ರಾಜಹಂಸರು ಬಾಲಗಂಧರ್ವರೆಂದು ಪ್ರಸಿದ್ಧರಾಗಿದ್ದರು. ಬಾಲ್ಯದಲ್ಲಿಯೇ ಅವರ ಹಾಡು ಕೇಳಿ ಲೋಕಮಾನ್ಯ ತಿಲಕರು ಮೆಚ್ಚಿ ಆ ಹೆಸರಿಟ್ಟರೆಂದು ಪ್ರತೀತಿ. ರಾಮಭಾವೂ ಅವರಿಗೆ ಬಿರುದು ದೊರೆತುದು ವಿದರ್ಭದ ಅಮರಾವತಿಯಲ್ಲಿ. ಅಲ್ಲಿ ಅವರ ಸುಭದ್ರೆಯನ್ನು ಕಂಡ ದಾದಾಸಾಹೇಬ ಖಾಪರ್ಡೆಯವರು ಸವಾಯಿ ಗಂಧರ್ವರೆಂದು ಹೊಗಳಿದರೆಂಬುದು ಪರಂಪರೆಯಿಂದ ಬಂದ ಮಾತು. ಖಾಪರ್ಡೆಯವರು ತಿಲಕರ ನಿಕಟವರ್ತಿಗಳು, ಹೆಸರಾಂತ ವಕೀಲರು. ಸವಾಯಿ ಎಂದರೆ ಒಂದೂಕಾಲು. ಜಯಪುರವನ್ನು ಕಟ್ಟಿಸಿದ ಮಹಾರಾಜ ಜಯಸಿಂಹರ ಹೆಸರಿನ ಹಿಂದೆಯೂ ಇದೇ ಸವಾಯಿ ಇದೆ. ಗಂಧರ್ವನಿಗಿಂತ ಕಾಲುಪಾಲು ಮಿಗಿಲು ಎಂಬುದು ಬಿರುದಿನ ತಾತ್ಪರ್ಯ.

ಈ ಬಿರುದೇ ವಾದಕ್ಕೆ ಕಾರಣವಾಯಿತು. ಬಾಲಗಂಧರ್ವರು ಹೆಚ್ಚೋ ಸವಾಯಿ ಗಂಧರ್ವರು ಹೆಚ್ಚೋ ಎಂದು ರಸಿಕರಲ್ಲಿ ಎರಡು ಪಕ್ಷಗಳಾದವು. ಅಭಿನಯ, ರೂಪ, ಲಾಲಿತ್ಯಗಳಲ್ಲಿ ಬಾಲಗಂಧರ್ವರಿಗೆ ಸಮಾನರಿಲ್ಲವೆಂದು ಒಂದು ಪಕ್ಷ. ರಾಗವಿಸ್ತಾರದಲ್ಲಿ, ಶಾಸ್ತ್ರದ ಆಳದಲ್ಲಿ ರಾಮಭಾವೂ ಅವರದೇ ಮೇಲುಗೈ ಎಂದು ಇನ್ನೊಂದು ಪಕ್ಷ. ಇಬ್ಬರ ದಾರಿಯೂ ಬೇರೆ ಎಂಬುದನ್ನು ಮರೆತು ಒಂದೇ ತಕ್ಕಡಿಯಲ್ಲಿ ತೂಗಲು ಹೋದರೆ ಇಂಥ ವಾದಕ್ಕೆ ಕೊನೆ ಇರುವುದಿಲ್ಲ. ಒಂದು ರಾತ್ರಿಯ ನಾಟಕವನ್ನು ನೋಡಿ ಮೆಚ್ಚಿದ ಹಿರಿಯರು ಕೊಟ್ಟ ಬಿರುದು ಗೌರವದ್ದೇ ಹೌದು. ಆದರೆ ಬಾಳಿನುದ್ದಕ್ಕೂ ಅದಕ್ಕೆ ತಕ್ಕವರಾಗಿ ನಡೆಯುವ ಹೊಣೆ ಪಡೆದವರದು. ರಾಮಭಾವೂ ಆ ಹೊಣೆಯನ್ನು ತೀರಿಸಿದ್ದು ರಂಗದ ಮೇಲಲ್ಲ.

ಗುರುವಾದ ಗಂಧರ್ವ

1931ರಲ್ಲಿ ಮಾತನಾಡುವ ಚಿತ್ರಗಳು ಬಂದ ಮೇಲೆ ನಾಟಕ ಕಂಪನಿಗಳ ದೀಪ ಒಂದೊಂದಾಗಿ ಆರತೊಡಗಿತು. ರಾಮಭಾವೂ ಬಣ್ಣ ತೊಳೆದು ಬೈಠಕಿನ ಗಾಯನಕ್ಕೂ ಶಿಷ್ಯರ ಶಿಕ್ಷಣಕ್ಕೂ ತಮ್ಮನ್ನು ಒಪ್ಪಿಸಿಕೊಂಡರು. ಅವರ ಉಸ್ತಾದ ಅಬ್ದುಲ್ ಕರೀಮ್ ಖಾನರು 1937ರ ಅಕ್ಟೋಬರ 27ರಂದು ಮದರಾಸಿನ ಕಡೆಯ ಪ್ರವಾಸದಲ್ಲಿ ಸಿಂಗಪೆರುಮಾಳಕೋಯಿಲ್ ರೈಲು ನಿಲ್ದಾಣದಲ್ಲಿ ದೇಹವಿಟ್ಟರು. ಗುರುಗಳಿಂದ ಪಡೆದ ನಿಧಿಯನ್ನು ಮುಂದಿನವರಿಗೆ ಒಪ್ಪಿಸುವ ಭಾರದಲ್ಲಿ ದೊಡ್ಡ ಪಾಲು ಈ ಶಿಷ್ಯರ ಹೆಗಲಿಗೆ ಬಂದಿತು.

ಗದಗಿನ ಕಡೆಯ ಭೀಮಸೇನ ಜೋಶಿ ಎಂಬ ಹುಡುಗ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿದಂತಾಗಿ, 1933ರಲ್ಲಿ ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿದ. ಜಾಲಂಧರದಲ್ಲಿ ವಿನಾಯಕರಾವ ಪಟವರ್ಧನರು ಆತನಿಗೆ ಸವಾಯಿ ಗಂಧರ್ವರ ಹೆಸರು ಹೇಳಿದರು. ದೇಶವೆಲ್ಲ ಅಲೆದ ಹುಡುಗನಿಗೆ ಗುರು ಸಿಕ್ಕಿದ್ದು ತನ್ನ ಮನೆಯ ಮಗ್ಗುಲಲ್ಲಿದ್ದ ಕುಂದಗೋಳದಲ್ಲಿ. 1936ರಿಂದ ಕೆಲವು ವರ್ಷ ಆತ ಗುರುಗಳ ಮನೆಯಲ್ಲಿ ನೀರು ಹೊತ್ತು, ಸೇವೆ ಮಾಡಿ, ಗುರುಗಳು ಹೇಳಿಕೊಟ್ಟ ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನು ಅರೆದು ಕುಡಿದಂತೆ ಕಲಿತ. ಹತ್ತಾರು ರಾಗಗಳನ್ನು ಮೇಲೆಮೇಲೆ ಕಲಿಸುವುದಕ್ಕಿಂತ ಕೆಲವೇ ರಾಗಗಳನ್ನು ಬೇರುಮಟ್ಟ ಕಲಿಸಬೇಕೆಂಬುದು ರಾಮಭಾವೂ ಅವರ ನೇಮ.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಸಂಸಾರದ ಭಾರವನ್ನೂ ಸಮಾಜದ ತಾತ್ಸಾರವನ್ನೂ ಹೊತ್ತುಕೊಂಡು, ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಮುಂದೆ ಅವರ ಧ್ವನಿ ದಪ್ಪಗಾದಾಗ ಅದನ್ನು ದೋಷವೆಂದು ಬಗೆಯದೆ, ಅದರ ಗಾಂಭೀರ್ಯವನ್ನೇ ಬೆಳೆಸುವ ದಾರಿ ಅವರಿಗೆ ತೆರೆದಿತ್ತು. ಒರಟು ಕಂಠವನ್ನು ಹದಕ್ಕೆ ತಂದ ಗುರುವಿನ ಪಾಠದ ಬೆಂಬಲ ಅದಕ್ಕಿತ್ತು. ಮುಂಬಯಿಯ ಪಾರಸೀ ತರುಣ ಫಿರೋಜ ದಸ್ತೂರರು ಚಲನಚಿತ್ರಗಳಲ್ಲಿ ನಟಿಸಿದವರು, ಅವರೂ ಇದೇ ಗುರುವಿಗೆ ಶರಣಾದರು. ಗದಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳು ಕೂಡ ರಾಮಭಾವೂ ಅವರಿಂದ ಪಾಠ ಪಡೆದರು. ಜಾತಿ, ಮತ, ಹೆಣ್ಣು, ಗಂಡು ಎಂಬ ಭೇದ ಆ ಮನೆಯ ಹೊಸ್ತಿಲ ಒಳಗೆ ಬರಲಿಲ್ಲ. ಮುಸಲ್ಮಾನ ಗುರುವಿನಿಂದ ಬ್ರಾಹ್ಮಣ ಶಿಷ್ಯನಿಗೆ ಬಂದ ವಿದ್ಯೆ ಅಲ್ಲಿಂದ ಎಲ್ಲರ ಮನೆಗೂ ಹರಿಯಿತು.

ಕೊನೆಯ ದಿನಗಳು

1942ರಲ್ಲಿ ರಾಮಭಾವೂ ಅವರಿಗೆ ಪಾರ್ಶ್ವವಾಯು ಬಡಿಯಿತು. ಸಭೆಯಲ್ಲಿ ಹಾಡುವ ಯೋಗ ಅಲ್ಲಿಗೆ ಮುಗಿಯಿತು. ಕಷ್ಟಪಟ್ಟು ಹದ ಮಾಡಿಕೊಂಡ ಧ್ವನಿಯೇ ಕೈಬಿಟ್ಟ ದುಃಖ ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಆದರೆ ಕಲಿಸುವುದನ್ನು ಅವರು ಬಿಡಲಿಲ್ಲ. 1946ರಲ್ಲಿ ಪುಣೆಯಲ್ಲಿ ಗುರುಗಳ ಷಷ್ಟ್ಯಬ್ದಿ ಸಮಾರಂಭವಾದಾಗ ತರುಣ ಭೀಮಸೇನರು ಹಾಡಿದ ಹಾಡು ಅವರಿಗೆ ಮಹಾರಾಷ್ಟ್ರದಲ್ಲೆಲ್ಲ ಹೆಸರು ತಂದಿತು. ತಮ್ಮ ಕಂಠ ಮೌನವಾದ ಮೇಲೆ ಶಿಷ್ಯನ ಕಂಠದಲ್ಲಿ ತಮ್ಮ ಗಾಯನ ಹೊಸ ಬಲದಿಂದ ಮೊಳಗಿದ್ದನ್ನು ಕಾಣುವ ಭಾಗ್ಯ ಗುರುಗಳಿಗೆ ಆ ದಿನ ಒದಗಿತು. 1952ರ ಸಪ್ಟೆಂಬರ 12ರಂದು ಪುಣೆಯಲ್ಲಿ ಅವರು ಸ್ವರಲೀನರಾದರು.

ಯಾವ ಅಳತೆ ಸರಿ

ಪ್ರಶಸ್ತಿಗಳ ಪಟ್ಟಿಯನ್ನು ಹಿಡಿದು ನೋಡಿದರೆ ಅಲ್ಲಿ ಸವಾಯಿ ಗಂಧರ್ವರು ಸಿಗುವುದಿಲ್ಲ. ಪದ್ಮ ಪ್ರಶಸ್ತಿಗಳು ಆರಂಭವಾದದ್ದೇ 1954ರಲ್ಲಿ, ಅವರು ತೀರಿಕೊಂಡ ಎರಡು ವರ್ಷದ ಮೇಲೆ. ಅವರಿಗಿಂತ ಎರಡು ವರ್ಷ ಕಿರಿಯರಾಗಿ ಹುಟ್ಟಿ 1967ರವರೆಗೆ ಬಾಳಿದ ಬಾಲಗಂಧರ್ವರಿಗೆ 1964ರಲ್ಲಿ ಪದ್ಮಭೂಷಣ ಬಂದಿತು. ಪಟ್ಟಿಯಲ್ಲಿ ಹೆಸರಿರುವುದು ಯೋಗ್ಯತೆಯ ಮಾತಷ್ಟೇ ಅಲ್ಲ, ಆಯುಸ್ಸಿನ ಮಾತೂ ಹೌದು.

ಅವರ ವಿರುದ್ಧ ಹೇಳುವ ಮಾತುಗಳೂ ಉಂಟು. ಒಳ್ಳೆಯ ವಯಸ್ಸನ್ನು ನಾಟಕಕ್ಕೆ ಕೊಟ್ಟರು ಎನ್ನುತ್ತಾರೆ, ಬೈಠಕಿನಲ್ಲಿ ಹಾಡಿದ ಕಾಲ ಕಡಿಮೆ ಎನ್ನುತ್ತಾರೆ. ಅಬ್ದುಲ್ ಕರೀಮ್ ಖಾನರ ಗಾಯನವನ್ನು ಬೆಳಗಿದ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ರೋಶನಾರಾ ಬೇಗಮರಂಥವರೂ ಇದ್ದಾರಲ್ಲ ಎನ್ನುತ್ತಾರೆ. ಈ ಮಾತುಗಳಲ್ಲಿ ಸತ್ಯವಿದೆ. ಅವರೆಲ್ಲರೂ ಪೂಜ್ಯರೇ. ಆದರೆ ಒಂದು ಮರದ ಹಿರಿಮೆಯನ್ನು ಅದರ ಎತ್ತರದಿಂದ ಅಳೆಯುವ ಜನ ಅದರ ಬೀಜದಿಂದ ಎದ್ದ ತೋಪನ್ನೂ ನೋಡಬೇಕು. ಗಂಗೂಬಾಯಿ ಹಾನಗಲ್ಲರಿಗೆ 2002ರಲ್ಲಿ ಪದ್ಮವಿಭೂಷಣ ಬಂದಿತು. ಭೀಮಸೇನ ಜೋಶಿಯವರಿಗೆ ಭಾರತರತ್ನ ಘೋಷಣೆಯಾದದ್ದು 2008ರಲ್ಲಿ. ಈ ಎರಡೂ ಗೌರವಗಳ ಬೇರು ಕುಂದಗೋಳದ ಆ ಸಾಧಾರಣ ಮನೆಯಲ್ಲಿದೆ.

ಶಿಷ್ಯರು ಗುರುಋಣವನ್ನು ಮರೆಯಲಿಲ್ಲ. ಭೀಮಸೇನರು ಮತ್ತು ಗುರುಗಳ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರ ಮುಂದಾಳುತನದಲ್ಲಿ ಪುಣೆಯ ಆರ್ಯ ಸಂಗೀತ ಪ್ರಸಾರಕ ಮಂಡಳವು 1953ರಿಂದ ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ಸಂಗೀತೋತ್ಸವವನ್ನು ನಡೆಸುತ್ತ ಬಂದಿತು. ಚಿಕ್ಕದಾಗಿ ಹುಟ್ಟಿದ ಆ ಉತ್ಸವ ಬೆಳೆದು, ಅಲ್ಲಿ ಒಮ್ಮೆ ಹಾಡಲು ಕರೆ ಬಂದರೆ ಬಾಳು ಸಾರ್ಥಕವೆಂದು ದೇಶದ ತರುಣ ಗಾಯಕರು ತಿಳಿಯುವಂತಾಯಿತು. 2011ರಲ್ಲಿ ಭೀಮಸೇನರು ತೀರಿಕೊಂಡ ಮೇಲೆ ಗುರುವಿನ ಹೆಸರಿನ ಜೊತೆಗೆ ಶಿಷ್ಯನ ಹೆಸರೂ ಉತ್ಸವಕ್ಕೆ ಸೇರಿತು. ಕುಂದಗೋಳದ ನಾಡಗೀರರ ವಾಡೆಯಲ್ಲಿಯೂ ಅವರ ಸ್ಮರಣೆಯ ಅಹೋರಾತ್ರಿ ಸಂಗೀತ ನಡೆದುಬಂದಿತು. ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ಹೆಸರಿಗೆ ಬಿರುದು ಕೊಟ್ಟವರು ಒಬ್ಬರು. ಆ ಬಿರುದನ್ನೇ ಒಂದು ಪೀಠವಾಗಿಸಿ, ಅದರ ಮೇಲೆ ಮುಂದಿನ ಪೀಳಿಗೆಯನ್ನು ಕೂರಿಸಿದವರು ಶಿಷ್ಯರು.

ಊರೂರ ಭಜನಾ ಮಂಡಳಿಗಳಲ್ಲಿ ವಚನಗಳನ್ನೂ ಅಭಂಗಗಳನ್ನೂ ಒಂದೇ ತಾಳಕ್ಕೆ ಹಾಡುವ ಹಿರಿಯರು ಇಂದಿಗೂ ಇದ್ದಾರೆ. ಅವರಿಗೆ ಬಿರುದಿಲ್ಲ, ಪತ್ರಿಕೆಗಳಲ್ಲಿ ಚಿತ್ರವಿಲ್ಲ. ಸಂಜೆ ಗುಡಿಯ ಪಡಸಾಲೆಯಲ್ಲಿ ನಾಲ್ಕು ಹುಡುಗರನ್ನು ಕೂರಿಸಿಕೊಂಡು ತಾಳ ಹಿಡಿಯಲು ಕಲಿಸುವುದೇ ಅವರ ಸೇವೆ. ಯಾರು ಸನ್ಮಾನಕ್ಕೆ ಯೋಗ್ಯರು ಎಂಬ ಚರ್ಚೆ ನಡೆದಾಗ ಯಾರು ಎಷ್ಟು ಚೆನ್ನಾಗಿ ಹಾಡಿದರು ಎಂದು ಕೇಳುವುದರ ಜೊತೆಗೆ ಅವರಿಂದ ಎಷ್ಟು ಜನ ಹಾಡಲು ಕಲಿತರು ಎಂದೂ ಕೇಳಿದರೆ, ಆ ಅಳತೆ ದೊಡ್ಡವರಿಗೂ ಸಣ್ಣವರಿಗೂ ಸಮನಾಗಿ ಸಲ್ಲುತ್ತದೆ. ಆ ಅಳತೆಯಲ್ಲಿ ಕುಂದಗೋಳದ ರಾಮಭಾವೂ ಒಂದೂಕಾಲು ಅಲ್ಲ, ಅದಕ್ಕೂ ಎಷ್ಟೋ ಪಾಲು ಮಿಗಿಲಾಗಿ ತೂಗುತ್ತಾರೆ. ಆ ಪುಣ್ಯಪುರುಷರ ನೆನಪು ಈ ಸೀಮೆಯ ಮಕ್ಕಳ ಕಂಠದಲ್ಲಿ ಸ್ವರವಾಗಿ ಉಳಿಯಲಿ.