ರಾಮನ್ ಮತ್ತು ವಜ್ರದ ಗೆರೆ

ಬನಶಂಕರಿ ಜಾತ್ರೆಗೆ ಚೊಳಚಗುಡ್ಡಕ್ಕೆ ಹೋದವರು ಬಾದಾಮಿ ಸುತ್ತಲಿನ ಕೆಂಪು ಬಂಡೆಗಳನ್ನ ನೋಡೇ ಇರ್ತೀರಿ. ಒಂದು ಕಾಲಕ್ಕೆ ಅದು ಬರೀ ಉಸುಕು. ಪದರದ ಮೇಲೆ ಪದರ ಬಿದ್ದು, ಆ ಭಾರಕ್ಕೆ ಒತ್ತಿಕೊಂಡು, ಕಣಗಳು ಬೆಸೆದು ಕಲ್ಲಾಯಿತು. ಅದೇ ನೆಲದೊಳಗೆ ಸುಮಾರು 150 ಕಿ.ಮೀ. ಆಳಕ್ಕೆ ಹೋದರೆ, ನಮ್ಮ ಮೇಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 50,000 ಪಟ್ಟು ಹೆಚ್ಚು ಒತ್ತಡ. ಅಲ್ಲಿ ಇಂಗಾಲ ವಜ್ರ ಆಗ್ತದೆ. ಆ ವಜ್ರದ ಬೆನ್ನು ಹತ್ತಿದ ಒಬ್ಬರು ನಮ್ಮ ಬೆಂಗಳೂರಲ್ಲೇ ಇದ್ದರು: ಸರ್ ಸಿ. ವಿ. ರಾಮನ್.

1888ರಲ್ಲಿ ತಿರುಚಿನಾಪಳ್ಳಿಯಲ್ಲಿ ಹುಟ್ಟಿದ ರಾಮನ್ ಕಲ್ಕತ್ತಾದಲ್ಲಿ ಹಣಕಾಸು ಇಲಾಖೆಯ ಅಧಿಕಾರಿ. ಆಫೀಸಿಗೆ ಮುಂಚೆ, ಆಫೀಸು ಮುಗಿದ ಮೇಲೆ ಪ್ರಯೋಗ. 1917ರಲ್ಲಿ ಆ ನೌಕರಿ ಬಿಟ್ಟು ಪ್ರಾಧ್ಯಾಪಕರಾದರು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಇಷ್ಟು ನಮಗೆಲ್ಲ ಗೊತ್ತು. ಆಮೇಲಿನ ಕಥೆ ಕಡಿಮೆ ಜನಕ್ಕೆ ಗೊತ್ತು.

1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಆಡಳಿತದ ಜಗಳದಲ್ಲಿ 1937ಕ್ಕೆ ಆ ಕುರ್ಚಿ ಹೋಯಿತು. ಪ್ರಾಧ್ಯಾಪಕರಾಗಿ ಅಲ್ಲೇ ಉಳಿದರು, ಕೆಲಸ ನಿಲ್ಲಿಸಲಿಲ್ಲ. ನೂರಾರು ವಜ್ರ ಕೂಡಿಸಿದರು, ಆದರೆ ತೊಡೋದಕ್ಕಲ್ಲ. ವಜ್ರದ ಮೇಲೆ ಬೆಳಕು ಬಿಟ್ಟರೆ ಅದರ ಸಣ್ಣ ಪಾಲು ಬಣ್ಣ ಬದಲಿಸಿ ಹೊರಗೆ ಬರ್ತದೆ. ರೋಹಿತದಲ್ಲಿ 1332ರ ಅಂಕಿಯ ಹತ್ತಿರ ಒಂದೇ ಒಂದು ಚೂಪಾದ ಗೆರೆ. ಇಂಗಾಲದ ಪರಮಾಣುಗಳು ಒಂದಕ್ಕೊಂದು ಎದುರಾಗಿ ನಡುಗುವ ಲೆಕ್ಕ ಅದು.

ಹರಳಿನೊಳಗಿನ ಕಂಪನಗಳು ಎಣಿಸುವಷ್ಟೇ ಇವೆ ಅಂತ ರಾಮನ್ ಹಟ ಹಿಡಿದರು. ಅದು ಹಾಗಲ್ಲ, ಕಂಪನಗಳು ಸಾಲಾಗಿ ಹರಡಿರ್ತಾವೆ ಅನ್ನೋದು ಮ್ಯಾಕ್ಸ್ ಬಾರ್ನ್ ವಾದ. ವರ್ಷಗಟ್ಟಲೆ ಜಗಳ ನಡೀತು. ಮುಂದೆ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಕಡೆಗೇ ಸಾಕ್ಷಿ ಹೇಳಿದವು. ರಾಮನ್ ತಮ್ಮ ಮಾತು ಬಿಡಲಿಲ್ಲ. ಅವರ ಬದುಕಿನ ಈ ಪುಟವನ್ನ ಮುಚ್ಚಿಡಬಾರದು.

1948ರಲ್ಲಿ ನಿವೃತ್ತಿಯಾದ ಮೇಲೆ ತಮ್ಮ ಹಣ, ದಾನಿಗಳ ಹಣ ಹಾಕಿ ಬೆಂಗಳೂರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ನಡೆಸಿದರು. 1970ರ ನವೆಂಬರ್ 21ರಂದು ಅಲ್ಲೇ ತೀರಿಕೊಂಡರು.

ಸಿದ್ಧಾಂತ ಸೋತರೂ ಗೆರೆ ಸೋಲಲಿಲ್ಲ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಎರಡು ವಜ್ರದ ಮೊನೆಗಳ ನಡುವೆ ವಸ್ತುವನ್ನ ಹಿಚುಕುವ ಸಾಧನ ಬಂತು. ಮೊನೆಯ ಕ್ಷೇತ್ರಫಲ ಬಹಳ ಸಣ್ಣದು, ಹಂಗಾಗಿ ಸ್ಕ್ರೂ ತಿರುಗಿಸಿದರೂ ಒತ್ತಡ ಲಕ್ಷ ಪಟ್ಟು ಏರ್ತದೆ. ವಜ್ರ ಪಾರದರ್ಶಕ, ಬೆಳಕು ಒಳಗೆ ಹೋಗಿ ಸುದ್ದಿ ತರ್ತದೆ. ಒತ್ತಿದಂಗೆಲ್ಲ ಬಂಧ ಬಿಗಿಯಾಗಿ 1332ರ ಗೆರೆ ಮೇಲಕ್ಕೆ ಸರೀತದೆ. ಎಷ್ಟು ಸರಿದಿದೆ ಅನ್ನೋದರಿಂದಲೇ ಒತ್ತಡ ಅಳೀತಾರೆ. ರಾಮನ್ ಕೈಕೆಳಗೆ ಪಳಗಿದ ಎ. ಜಯರಾಮನ್ ಮುಂದೆ ಬೆಲ್ ಲ್ಯಾಬ್ಸ್‌ನಲ್ಲಿ ಇದೇ ಸಾಧನದ ಕೆಲಸಕ್ಕೆ ಹೆಸರಾದರು.

ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಥಿಯರಿಗೆ ಹೊಂದದಿದ್ದರೆ ರೀಡಿಂಗನ್ನೇ ತಿದ್ದಿ ಬರೀತೀವಿ, ಹೌದಲ್ಲ? ಇನ್ನು ಮೇಲೆ ಹಂಗ ಮಾಡೋ ಮುಂಚೆ ಆ ಗೆರೆಯನ್ನ ನೆನೆಸಿಕೊಳ್ರಿ.