ರೊನಾಲ್ಡ್ ರಾಸ್ ಕಂಡ ಕಪ್ಪು ಕಣಗಳು

ನಮ್ಮ ಉಮರ್ಗಾ, ನಿಲಂಗಾ, ಉದಗೀರಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅದೇ ಸಂಸ್ಥಾನದ ಸಿಕಂದರಾಬಾದಿನ ದಂಡಿನಲ್ಲಿ ಸೇನಾವೈದ್ಯ ರೊನಾಲ್ಡ್ ರಾಸ್ ಸೊಳ್ಳೆಗಳ ಹೊಟ್ಟೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. 1857ರಲ್ಲಿ ಆಲ್ಮೋರಾದಲ್ಲಿ ಜನಿಸಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದವರು. 1895ರಲ್ಲಿ ಕಾಲರಾ ನಿಗ್ರಹಕ್ಕೆಂದು ಬೆಂಗಳೂರಿಗೆ ಕಳುಹಿಸಲ್ಪಟ್ಟಾಗ ಮಲೇರಿಯಾ ಸಂಶೋಧನೆ ಕುಂಠಿತವಾಯಿತು. ಪರೀಕ್ಷಿಸಿದ ಸೊಳ್ಳೆಗಳಲ್ಲಿ ರೋಗದ ಪರಾವಲಂಬಿ ಬೆಳೆಯುತ್ತಲೇ ಇರಲಿಲ್ಲ. ಎಲ್ಲ ಜಾತಿಯ ಸೊಳ್ಳೆಗಳೂ ಅದಕ್ಕೆ ಆಶ್ರಯ ಕೊಡುವುದಿಲ್ಲವೆಂಬುದು ಆಗ ತಿಳಿದಿರಲಿಲ್ಲ.

1897ರ ಆಗಸ್ಟ್ 20ರಂದು ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಅವರು ಅರಸುತ್ತಿದ್ದುದು ದೊರೆಯಿತು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಮೈಯೊಡ್ಡಿದ ರೋಗಿ ಹುಸೇನ್ ಖಾನನ ಹೆಸರನ್ನು ನಾವು ಪಾಠದಲ್ಲಿ ಹೇಳದೆ ಬಿಡುವುದು ಸರಿಯಲ್ಲ.

1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ಪರಾವಲಂಬಿಯು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುವುದನ್ನು ಕಂಡರು. ಅಲ್ಲಿಯೇ ಕೆಲವು ಸೊಳ್ಳೆಗಳಲ್ಲಿ ವಿಚಿತ್ರವಾದ ಕಪ್ಪು ಕಣಗಳೂ ಕಣ್ಣಿಗೆ ಬಿದ್ದವು. ಅವು ಪರಾವಲಂಬಿಯದೇ ಇನ್ನೊಂದು ಅವಸ್ಥೆಯಿರಬಹುದೆಂದು ಅವರು ಭಾವಿಸಿದರು. ವಸ್ತುತಃ ಅದು ಸೊಳ್ಳೆಯ ಪ್ರತಿರಕ್ಷೆಯ ಕುರುಹೆಂದು ಅನಂತರದ ವಿಜ್ಞಾನಿಗಳು ಅರಿತರು. ಕೀಟಗಳಲ್ಲಿ ನಮ್ಮಲ್ಲಿರುವಂಥ ಪ್ರತಿಕಾಯಗಳಿಲ್ಲ. ಅವುಗಳ ರಕ್ತಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ರಕ್ತದಲ್ಲಿ ಸ್ರವಿಸುವ ಕಿರು ಪ್ರೋಟೀನುಗಳೂ ಅವನ್ನು ಕೊಲ್ಲುತ್ತವೆ. ನುಂಗಲಾಗದಷ್ಟು ದೊಡ್ಡ ಪರಾವಲಂಬಿಯ ಸುತ್ತ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಕವಚ ಕಟ್ಟಿ, ಅದನ್ನು ಒಳಗೇ ಸಾಯಿಸುತ್ತವೆ.

ರೋಗವಾಹಕವೆಂದು ರಾಸರು ಲೋಕಕ್ಕೆ ತೋರಿಸಿಕೊಟ್ಟ ಸೊಳ್ಳೆಯೂ ಅದೇ ರೋಗಾಣುವಿನೊಡನೆ ಹೋರಾಡುತ್ತಿತ್ತು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. 1932ರಲ್ಲಿ ಲಂಡನ್ನಿನಲ್ಲಿ ನಿಧನರಾದರು.