ಸಂತತಿ ನಿಯಮನದ ಹರಿಕಾರ ರಘುನಾಥ ಕರ್ವೆ

ಮುಂಬಯಿ: ಚರ್ಚ್‌ಗೇಟ್ ಪರಿಸರದ ಮಹರ್ಷಿ ಕರ್ವೆ ರಸ್ತೆಯಲ್ಲಿ ಓಡಾಡದ ಮುಂಬಯಿ ಕನ್ನಡಿಗರು ವಿರಳ. ಆದರೆ ಮಹರ್ಷಿಗಳ ಹಿರಿಯ ಮಗ ರಘುನಾಥ ಧೋಂಡೋ ಕರ್ವೆ ಅವರನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

1882ರಲ್ಲಿ ಜನಿಸಿದ ರಘುನಾಥರು ಒಂಬತ್ತರ ಪ್ರಾಯದಲ್ಲೇ ತಾಯಿಯನ್ನು ಕಳೆದುಕೊಂಡರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತು ಗಣಿತ ಪ್ರಾಧ್ಯಾಪಕರಾದರು. ಪ್ಯಾರಿಸಿನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಬಂದ ಅವರು 1921ರಲ್ಲಿ ಮುಂಬಯಿಯಲ್ಲಿ ಸಂತತಿ ನಿಯಮನದ ಸಲಹಾ ಕೇಂದ್ರ ತೆರೆದರು. ಮೇರಿ ಸ್ಟೋಪ್ಸ್ ಅವರು ಲಂಡನ್‌ನಲ್ಲಿ ಇಂಥದೇ ಕೇಂದ್ರ ಆರಂಭಿಸಿದ್ದೂ ಅದೇ ವರ್ಷ.

ಇಲ್ಲೊಂದು ಸೋಜಿಗವಿದೆ. ಕರ್ವೆ ಅವರು ಕೇಂದ್ರ ತೆರೆದಾಗ ದೇಶದ ಜನಸಂಖ್ಯೆ ಏರುತ್ತಿರಲಿಲ್ಲ! ಇಂದಿನ ಭಾರತದ ಎಲ್ಲೆಯೊಳಗೆ 1911ರಲ್ಲಿ 25.2 ಕೋಟಿಯಿದ್ದ ಜನ 1921ರ ಗಣತಿಯಲ್ಲಿ 25.1 ಕೋಟಿಗೆ ಇಳಿದಿದ್ದರು. ಮನೆ ತುಂಬ ಮಕ್ಕಳು ಹುಟ್ಟುತ್ತಿದ್ದರು ನಿಜ, ಆದರೆ ಪ್ಲೇಗ್, ಬರಗಾಲ, 1918ರ ಇನ್‌ಫ್ಲುಯೆಂಜಾ ಹುಟ್ಟಿದಷ್ಟನ್ನೂ ಒಯ್ಯುತ್ತಿದ್ದವು. ಕರ್ವೆ ಅವರ ಕಾಳಜಿ ಮೊದಲಿಗೆ ಹೆತ್ತು ಹೆತ್ತು ಸೊರಗಿದ ಹೆಂಗಸಿನದ್ದಾಗಿತ್ತು, ಲೆಕ್ಕಾಚಾರದ್ದಲ್ಲ. 1921ರ ಬಳಿಕ ಸಾವು ಕಡಿಮೆಯಾಗುತ್ತ ಬಂತು, ಹುಟ್ಟು ಮಾತ್ರ ಹಾಗೆಯೇ ಉಳಿಯಿತು. 1951ಕ್ಕೆ ಜನಸಂಖ್ಯೆ 36 ಕೋಟಿ ತಲುಪಿತು. ಅಲ್ಲಿಂದೀಚೆಗೆ ಯಾವ ಗಣತಿಯಲ್ಲೂ ಅದು ಇಳಿದದ್ದಿಲ್ಲ.

ಆ ಕಾಲದಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಸಣ್ಣ ಮಾತಾಗಿರಲಿಲ್ಲ. ವಿಲ್ಸನ್ ಕಾಲೇಜಿನ ಹುದ್ದೆಯನ್ನು ಅವರು 1925ರಲ್ಲಿ ಬಿಡಬೇಕಾಯಿತು. ಗಾಂಧೀಜಿಯವರೂ ಕೃತಕ ಸಾಧನಗಳನ್ನು ಒಪ್ಪಿರಲಿಲ್ಲ. ಪತ್ನಿ ಮಾಲತಿಬಾಯಿ ಮಾತ್ರ ಬೆನ್ನಿಗೆ ನಿಂತರು. 1927ರಲ್ಲಿ ಆರಂಭಿಸಿದ ಮರಾಠಿ ಮಾಸಿಕ 'ಸಮಾಜ ಸ್ವಾಸ್ಥ್ಯ'ವನ್ನು ಕರ್ವೆ ಅವರು ಕೊನೆಯುಸಿರಿನ ತನಕ ಕೈಯಿಂದ ಹಣ ಹಾಕಿ ನಡೆಸಿದರು. ಅಶ್ಲೀಲತೆಯ ಆರೋಪದಡಿ ಕೋರ್ಟು ಹತ್ತಬೇಕಾಯಿತು. 1934ರ ಮೊಕದ್ದಮೆಯಲ್ಲಿ ಅವರ ಪರ ವಾದಿಸಿದ ಬ್ಯಾರಿಸ್ಟರ್ ಬೇರಾರೂ ಅಲ್ಲ, ಡಾ. ಬಾಬಾಸಾಹೇಬ್ ಅಂಬೇಡ್ಕರ್. ವಾದ ಗೆಲ್ಲಲಿಲ್ಲ. ದಂಡ ಬಿತ್ತು.

ಕನ್ನಡಿಗರು ಹೆಮ್ಮೆಪಡುವ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಮುಂಬಯಿಯಲ್ಲಿ ಕರ್ವೆ ಒಂಟಿಯಾಗಿ ಹೆಣಗುತ್ತಿದ್ದಾಗ, 1930ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ತನ್ನ ಆಸ್ಪತ್ರೆಗಳಲ್ಲೇ ಸಂತತಿ ನಿಯಮನ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಜಗತ್ತಿನಲ್ಲಿ ಒಂದು ಸರಕಾರವೇ ಇಂಥ ಹೆಜ್ಜೆಯಿಟ್ಟ ಮೊದಲ ನಿದರ್ಶನವೆಂದು ಇದನ್ನು ಗುರುತಿಸಲಾಗಿದೆ.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಮರುವರ್ಷ ಅಕ್ಟೋಬರ್ 14ರಂದು ಕರ್ವೆ ನಿಧನರಾದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾಯಿಯೊಬ್ಬಳಿಗೆ ಸರಾಸರಿ ಮಕ್ಕಳು ದೇಶದಲ್ಲಿ 2, ಕರ್ನಾಟಕ ಮತ್ತು ಮಹಾರಾಷ್ಟ್ರಗಳಲ್ಲಿ 1.7. 2001ರಲ್ಲಿ ಅಮೋಲ್ ಪಾಲೇಕರ್ ಅವರು ಕರ್ವೆ ಬದುಕನ್ನು 'ಧ್ಯಾಸಪರ್ವ' ಎಂಬ ಮರಾಠಿ ಚಿತ್ರವಾಗಿಸಿದರು. ಮಗನನ್ನು ಕಳೆದುಕೊಂಡಾಗ 95ರ ಹರೆಯದಲ್ಲಿದ್ದ ಮಹರ್ಷಿ ಕರ್ವೆ ಅವರಿಗೆ 1958ರಲ್ಲಿ ಭಾರತರತ್ನ ಸಂದಿತು.